ಬಿಳಿ ಮೇಜಿನ ಅಂಚಿನ ಕಲೆ

ಲಿಂಗಸುಗೂರು
೧೪ ಡಿಸೆಂಬರ್ ೧೯೯೪, ಬುಧವಾರ

ಅವ್ವಾ, ನಿನ್ನ ಪಂಪಣ್ಣನ ಶರಣು.

ಹೇಗಿದ್ದೀಯ? ಈ ಚಳಿಗೆ ನಿನ್ನ ಮೊಣಕಾಲು ಹೆಚ್ಚು ಕಾಡುತ್ತಿರಬೇಕು. ನಿನ್ನ ಸೊಸೆ ಗಿರಿಯಮ್ಮ ಮಸ್ಕಿಗೆ ಹೋಗುವವರ ಕೈಯಲ್ಲಿ ನಿನ್ನ ಕರಿ ಕಂಬಳಿ ಕಳಿಸಿದ್ದಳು, ಮುಟ್ಟಿತೇ? ಎಣ್ಣೆಯನ್ನು ಬೆಚ್ಚಗೆ ಕಾಸಿ ಹಚ್ಚಿಕೋ, ತಣ್ಣೆಣ್ಣೆ ಸಾಕು ಎಂದು ಹಟ ಹಿಡಿಯಬೇಡ. ನಾವೆಲ್ಲ ಇಲ್ಲಿ ಆರಾಮ. ಆರಾಮ ಎಂದು ಬರೆಯುವುದು ನನಗೆ ರೂಢಿ, ಊರವರ ಕಾಗದಗಳನ್ನೆಲ್ಲ ಹಾಗೇ ಶುರು ಮಾಡುತ್ತೇನೆ. ಆದಕ್ಕಾ, ಅವ್ವ ಈಗ ನಿನ್ನ ಮನೆಯಲ್ಲಿದ್ದಾಳೆ, ನೀನೇ ಇದನ್ನು ಅವಳಿಗೆ ಓದಿ ಹೇಳುವವಳು. ಅರ್ಜಿ, ಕರಾರು ಬರೆದೂ ಬರೆದೂ ನನ್ನ ಕೈಗೆ ಕಚೇರಿಯ ಕನ್ನಡ ಹತ್ತಿಬಿಟ್ಟಿದೆ, ನೀನು ಅದನ್ನು ಮನೆಯ ಮಾತಿಗೆ ತಿರುಗಿಸಿ ಹೇಳು.

ನನ್ನ ಬರವಣಿಗೆಯ ಕೋಣೆ ಶುರುವಾಗಿ ಇಂದಿಗೆ ಮೂರು ವಾರ. ಹನ್ನೊಂದು ವರ್ಷ ತಹಸೀಲ್ ಕಚೇರಿಯ ಬೇವಿನ ಗಿಡದ ಕೆಳಗೆ ತಗಡಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬರೆದವನು ಈಗ ಬಾಗಿಲಿರುವ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕುಳಿತಿದ್ದೇನೆ. ಜನ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ. ಬೇಡಪ್ಪಾ ಎಂದರೂ ಕೇಳುವುದಿಲ್ಲ, ಅಷ್ಟು ಬೆಳ್ಳಗಿದೆ ಮೇಜು. ಆ ಬಿಳುಪಿನ ಸೊಕ್ಕು ನನ್ನ ತಲೆಗೂ ಏರಿತ್ತು ಎಂದು ಈಗ ಅನ್ನಿಸುತ್ತದೆ.

ಸಿಂಧನೂರಿಗೆ ನಾವಿಬ್ಬರೂ ಮೇಜಿನ ಹಲಗೆ ಆರಿಸಲು ಹೋದದ್ದು ನೆನಪಿದೆಯಲ್ಲ? ಕಾಲುವೆಯ ಸೀಮೆಯಲ್ಲಿ ಇಪ್ಪತ್ತು ವರ್ಷ ಭತ್ತ ನಾಟಿ ಮಾಡಿದವಳು ನೀನು, ಊರಿನ ಸಂದಿಗೊಂದಿ ನನಗಿಂತ ನಿನಗೇ ಗೊತ್ತು. ಬಡಿಗರಿಗೆ ಹೇಳಿದರೆ ಸಂಕ್ರಾಂತಿ ದಾಟುತ್ತದೆ, ನಾನೇ ಮಾಡಿಕೊಳ್ಳುತ್ತೇನೆ ಎಂದು ನಾನು ಹೊರಟಾಗ ನೀನು ನಕ್ಕಿದ್ದೆ, ಆದರೂ ಜೊತೆಗೆ ಬಂದೆ. ಹಸನ್‌ಸಾಬ್ ತನ್ನ ಅಂಗಡಿಯಲ್ಲಿ ಬಿಳಿ ಹಲಗೆಯ ಮೂರು ತುಂಡುಗಳನ್ನು ಮುಂದಿಟ್ಟ. ಒಂದು ಕನ್ನಡಿಯಂತೆ ಹೊಳೆಯುವುದು, ಒಂದು ಹೊಳಪಿಲ್ಲದ ನುಣುಪಿನದು, ಇನ್ನೊಂದು ಮುಟ್ಟಿದರೆ ಸಣ್ಣ ರವೆಯಂತೆ ತರಿತರಿಯಾದದ್ದು. ಮೂರೂ ಬಿಳಿಯೇ ತಾನೇ, ಇದರಲ್ಲಿ ಆರಿಸುವುದೇನು ಎಂದುಕೊಂಡಿದ್ದೆ. ನೀನು ಕಣ್ಣು ಮುಚ್ಚಿ, ಕಾಳು ನೋಡುವ ಹಾಗೆ, ಮೂರರ ಮೇಲೂ ಅಂಗೈ ಆಡಿಸಿದೆ. ತರಿಯಿದ್ದದ್ದನ್ನು ಹಿಡಿದು, "ಇದು ಕೈಗೆ ಹತ್ತತೈತಿ, ಇದನ್ನ ತಗೋ. ಹೊಳಿಯೂದು ತಂದ್ರ ಅದನ್ನ ಕಾಯಾಕ ಒಬ್ರು ಬೇಕಾಕ್ಕಾರ" ಅಂದೆ. ಹಸನ್‌ಸಾಬ್ ಕೂಡ ಅಮ್ಮಾ ಹೇಳಿದ್ದು ಬರೋಬ್ಬರಿ ಎಂದು ತಲೆದೂಗಿದ. ನಾನು ಹೊಳೆಯುವುದನ್ನೇ ಕಟ್ಟಿಸಿದೆ. ಬರುವಾಗ ಬಸ್ಸಿನ ಮೇಲೆ ಹಲಗೆ ಏರಿಸಿದ್ದರಿಂದ ನೀನು ಮಸ್ಕಿಯವರೆಗೂ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಮೇಲೆ ನೋಡುತ್ತಿದ್ದೆ, ಕಂಡಕ್ಟರ್ ಬೈದಾಗಲೇ ಒಳಗೆ ತೆಗೆದುಕೊಂಡದ್ದು.

ನೀನು ಹೇಳಿದ್ದೇ ಸರಿಯಾಯಿತು, ನಕ್ಕುಬಿಡು. ಫ್ಯಾನು ಹಾಕಿದರೆ ಕಾಗದಗಳು ಜಾರಿ ನೆಲಕ್ಕೆ ಬೀಳುತ್ತವೆ. ಮುದಗಲ್ಲಿನ ಮುದುಕನೊಬ್ಬ ಸಹಿ ಮಾಡಲು ಮೊಣಕೈ ಊರಿದವನು ಜಾರಿ ನನ್ನ ಮಡಿಲಿಗೇ ಬಂದ. ಗಿರಿಯಮ್ಮ ದಿನಾ ಕಸ ಗುಡಿಸಿ ನೀರು ಹೊಡೆಯುವುದರಿಂದ ಮೇಜಿನ ಕಾಲಿನ ಹಲಗೆ ತಳದಲ್ಲಿ ನೀರು ಕುಡಿದು ಹಪ್ಪಳದಂತೆ ಉಬ್ಬಿದೆ. ಈಗ ನಾಲ್ಕು ಇಟ್ಟಿಗೆಗಳ ಮೇಲೆ ನಿಂತಿದೆ ನನ್ನ ಕಚೇರಿ. ಇನ್ನು ಹೆಬ್ಬೆಟ್ಟು ಒತ್ತುವವರ ಕಥೆ ನಿನಗೆ ಗೊತ್ತೇ ಇದೆ. ಒತ್ತಿದ ಮೇಲೆ ಉಳಿದ ಮಸಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತಾರೆ, ಕೂದಲಿಲ್ಲದವರು ಮೇಜಿನ ಅಂಚಿಗೆ. ದಿನಕ್ಕೆ ಹತ್ತು ನೀಲಿ ಬೆರಳು ಮೂಡುತ್ತವೆ. ನಾನು ನಗುತ್ತಾ, ಇರಲಿ ಬಿಡ್ರಿ ಯಜಮಾನ್ರೇ ಎನ್ನುತ್ತಾ ಚಿಮಣಿಎಣ್ಣೆಯ ಅರಿವೆಯಿಂದ ಒರೆಸುತ್ತೇನೆ. ಒಬ್ಬರಿಗೂ ಈವರೆಗೆ ಒಂದು ಮಾತು ಅಂದಿಲ್ಲ.

ನಿನಗೆ ಅಂದೆ. ಅದನ್ನು ಬರೆಯಲೆಂದೇ ಇಷ್ಟು ಹೊತ್ತು ಸುತ್ತು ಹಾಕಿದ್ದು. ಆ ಮೇಜು ಮಾಡಿದ್ದರಲ್ಲಿ ನಿನ್ನ ಪಾಲು ಎಷ್ಟಿತ್ತು ಎಂದು ನೆನೆದರೆ ನಾಚಿಕೆಯಾಗುತ್ತದೆ. ಪಕ್ಕದಲ್ಲಿ ಸ್ಟಾಂಪು ಮಾರುವ ಯಂಕೋಬನ ಗರಗಸ ತಂದು ನಾನು ಅಂಗಳದಲ್ಲಿ ಹಲಗೆ ಕೊಯ್ದೆ, ಬಿಳಿ ಅಂಟು ಹಚ್ಚಿ ಅಂಚಿನ ಪಟ್ಟಿ ಕೂಡಿಸಿದೆ. ಅಂಟು ಕಚ್ಚಬೇಕಾದರೆ ಅರ್ಧ ದಿನ ಭಾರ ಇಡಬೇಕು. ಬೀಸುವ ಕಲ್ಲು ಇಟ್ಟರೂ ಒಂದು ಮೂಲೆ ಏಳುತ್ತಿತ್ತು. ನೀನು ಗೋಣಿಚೀಲ ಹಾಸಿ, "ಸರೀಲೇ, ನಾ ಕುಂದರ್ತೀನಿ" ಎಂದು ಆ ಮೂಲೆಯ ಮೇಲೆ ಏರಿ ಕುಳಿತೆ. ಮಧ್ಯಾಹ್ನವೆಲ್ಲ ಅಲ್ಲೇ ಕುಳಿತು ಎಲೆ ಅಡಿಕೆ ಹಾಕಿಕೊಂಡೆ, ಅಲ್ಲಿಂದಲೇ ಗಿರಿಯಮ್ಮನಿಗೆ ಸಾರಿಗೆ ಎಷ್ಟು ಹುಣಸೆ ಎಂದು ಹೇಳಿದೆ. ಇಳಿಯುವಾಗ ನಿನ್ನ ಮೊಣಕಾಲು ಹಿಡಿದುಕೊಂಡಿತು, ನಾನು ಎತ್ತಿ ಇಳಿಸಬೇಕಾಯಿತು.

ಮರುದಿನವೇ ಕೋಣೆ ಶುರು ಮಾಡಿದೆವು. ತೆಂಗಿನಕಾಯಿ ಒಡೆದಾಗಿತ್ತು, ಚಹಾದ ಮೌಲಾಸಾಬ್ ಕಪ್ಪು ಹಂಚುತ್ತಿದ್ದ. ಯಂಕೋಬನಿದ್ದ. ಕರಾರು ಬರೆಸಲು ಮುದಗಲ್ಲಿನ ಅಣ್ಣತಮ್ಮಂದಿರಿಬ್ಬರು ಬಂದಿದ್ದರು. ಆಗ ಬೆಳಕು ಬಿದ್ದು, ನೀನು ಕುಳಿತಿದ್ದ ಮೂಲೆಯ ಅಂಚಿನಲ್ಲಿ ಗೇಣುದ್ದದ ಮಬ್ಬು ಕಲೆ ಕಂಡಿತು. ಯಂಕೋಬನೇ ಬೆರಳು ತೋರಿಸಿ ಇದೇನೋ ಎಂದು ಕೇಳಿದ. ನಾನು ತಿರುಗಿ ನಿನಗೆ ಅಂದದ್ದನ್ನು ಅಂದ ಹಾಗೆಯೇ ಬರೆಯುತ್ತೇನೆ. "ಸುಣ್ಣದ ಬಟ್ಟು ಒರಸಾಕ ನಿನಗ ಬ್ಯಾರೆ ಜಾಗಾ ಸಿಗಲಿಲ್ಲೇನಬೇ? ಇದನ್ನೂ ಮನಿ ಕಂಬ ಅನ್ಕಂಡಿಯೇನು?" ನೀನು ಮೇಜಿನ ಹತ್ತಿರ ಬಂದೆ. ಸೆರಗಿನ ತುದಿಯಿಂದ ಅದನ್ನು ಒರೆಸಿದೆ, ಮತ್ತೆ ಒರೆಸಿದೆ. ಮುದಗಲ್ಲಿನವರು ಬೇರೆ ಕಡೆ ನೋಡಿದರು. ಅಮ್ಮಾ ಬಿಡ್ರಿ, ಚಹಾ ಕುಡೀರಿ ಎಂದು ಮೌಲಾಸಾಬ್ ನಿನ್ನ ಕೈ ಬಿಡಿಸಿದ. ಮಾರನೆಯ ಬೆಳಿಗ್ಗೆ ನೀನು, ಮಸ್ಕಿಗೆ ಮಗಳು ಆದಮ್ಮನ ಮನೆಗೆ ಹೋಗಿ ಬರುತ್ತೇನೆ ಎಂದು ಹೊರಟೆ.

ನಿನ್ನೆ ಆದಕ್ಕನ ಕಾಗದ ಬಂತು. ನೀನು ಎಲೆ ಅಡಿಕೆ ಬಿಟ್ಟಿದ್ದೀಯಂತೆ. ಲಿಂಗಸುಗೂರಿಗೆ ಇನ್ನು ಕಾಲಿಡುವುದಿಲ್ಲ ಅಂದಿದ್ದೀಯಂತೆ. ಯಾಕೆ ಎಂದರೆ, "ನನ್ನ ಕೈ ಹೊಲಸೈತಿ, ಮಗನ ಹೊಸಾದ್ದು ಕೆಡಿಸೀನಿ" ಎನ್ನುತ್ತೀಯಂತೆ. ಅದನ್ನು ಓದಿದ ಮೇಲೆ ಗಿರಿಯಮ್ಮ ಬಡಿಸಿದ ರೊಟ್ಟಿಯನ್ನು ಹಾಗೇ ಬಿಟ್ಟು ಎದ್ದೆ. ಅವಳೂ ನನ್ನೊಡನೆ ಎರಡೇ ಮಾತು ಆಡುತ್ತಾಳೆ, ಉಣ್ಣು, ಎದ್ದೇಳು. ಅವ್ವಾ, ಒಂದು ಕಲೆ ಏನು ದೊಡ್ಡದು? ಆದದ್ದು ಆಯಿತು, ನಾನು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ, ನೀನೂ ಇಟ್ಟುಕೊಳ್ಳಬೇಡ. ನಿನ್ನ ಮನೆಗೆ ನೀನು ಬಾ. ನೀನು ಬರದೆ ಆ ಕೋಣೆ ನನಗೆ ಬೇಡ ಎಂದೇ ಅನ್ನಿಸಿಬಿಟ್ಟಿದೆ.

ಆದಕ್ಕನಿಗೂ ಮಾವನಿಗೂ ನನ್ನ ನಮಸ್ಕಾರ ಹೇಳು. ಗಿರಿಯಮ್ಮ ನಿನ್ನ ಕಾಲಿಗೆ ಬಿದ್ದಿದ್ದಾಳೆಂದು ಬರೆಯಲು ಹೇಳಿದ್ದಾಳೆ.

ನಿನ್ನ ಮಗ,
ಪಂಪಣ್ಣ

ತಾ. ಕ.: ಮೇಲೆ ಬರೆದದ್ದನ್ನು ಓದಿ ನೋಡಿದೆ. ನಿನ್ನ ತಪ್ಪನ್ನು ದೊಡ್ಡ ಮನಸ್ಸಿನಿಂದ ಮನ್ನಿಸಿದವನ ಹಾಗೆ ಬರೆದಿದ್ದೇನೆ. ಇದನ್ನು ಹೀಗೇ ಅಂಚೆಗೆ ಹಾಕಿದರೆ ನನ್ನಂಥ ಖೋಟಾ ಮನುಷ್ಯ ಇನ್ನೊಬ್ಬನಿಲ್ಲ. ಅವ್ವಾ, ಅದು ಸುಣ್ಣವಲ್ಲ. ಆ ದಿನ ಎಲ್ಲರೂ ಹೋದ ಮೇಲೆ, ಇನ್ನೂ ಹೊತ್ತು ಮುಳುಗಿರಲಿಲ್ಲ, ನಾನು ಉಗುರಿನಿಂದ ಕೆರೆದೆ. ಸುಣ್ಣವಾಗಿದ್ದರೆ ಪುಡಿಯಾಗಿ ಉದುರಬೇಕಿತ್ತು. ಅದು ಸಿಪ್ಪೆಯಂತೆ ಉದ್ದಕ್ಕೆ ಸುಲಿದು ಬಂತು. ನಾನು ಹಚ್ಚಿದ ಅಂಟು, ನೀನು ಕುಳಿತ ಭಾರಕ್ಕೆ ಪಟ್ಟಿಯ ಸಂದಿನಿಂದ ಹೊರಗೆ ಬಂದು ಒಣಗಿತ್ತು. ನಾನು ಒರೆಸುವುದನ್ನು ಮರೆತಿದ್ದೆ. ಕೆರೆದ ಜಾಗ ಬೆಳ್ಳಗೆ ಹೊಳೆಯಿತು. ಅಷ್ಟು ಹೊತ್ತಿಗೆ ನೀನು ಒಳಗೆ ಗಂಟು ಕಟ್ಟುತ್ತಿದ್ದೆ. ಹೇಳಲಿಲ್ಲ. ಬೆಳಿಗ್ಗೆ ಆ ಗಂಟನ್ನು ನಾನೇ ಹೊತ್ತು ಬಸ್‌ಸ್ಟ್ಯಾಂಡಿಗೆ ಬಂದೆ, ಅರ್ಧ ತಾಸು ನಿನ್ನ ಪಕ್ಕ ನಿಂತೆ, ಆಗಲೂ ಹೇಳಲಿಲ್ಲ. ನೀನು ಕಿಟಕಿಯಿಂದ, "ಸಿಟ್ಟಾಗಬ್ಯಾಡಪಾ, ನನಗ ಗೊತ್ತಾಗಲಿಲ್ಲ" ಅಂದೆ. ಆಯ್ತು ಬಿಡಬೇ ಅಂದೆನಲ್ಲ, ಆ ಮಾತು ನನ್ನ ಬಾಯಿಂದ ಹೇಗೆ ಬಂತೋ.

ಯಂಕೋಬನನ್ನೂ ಮೌಲಾಸಾಬನನ್ನೂ ಇವತ್ತು ಕರೆದು, ಅದು ನನ್ನ ಅಂಟಿನ ಕಲೆ ಎಂದು ಹೇಳಿದ್ದೇನೆ. ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಆದಕ್ಕಾ, ಈ ಕೊನೆಯದನ್ನು ಒಳಗೆ ಕುಳಿತು ಮೆಲ್ಲಗೆ ಓದಬೇಡ. ಅಂಗಳದಲ್ಲಿ ನಾಲ್ಕು ಮಂದಿ ನೆರೆದಾಗ ಗಟ್ಟಿಯಾಗಿ ಓದು. ನಾನು ಅವ್ವನಿಗೆ ಅಂದಾಗ ನಾಲ್ಕು ಮಂದಿ ಇದ್ದರು.