ನಮ್ಮ ಅತ್ತೆಯ ಜಾಗಕ್ಕೆ ಬೆಕ್ಕು ತಂದವರಿಗೆ

ಜಪಾನಿ ಭಾಷೆಯ ಪಠ್ಯ ತಯಾರಿಸುವ ಕಚೇರಿಯ ಮಾನ್ಯ ನಿರ್ದೇಶಕರೇ,

ನನಗೆ ಮದುವೆಯಾಯಿತು! ಹೋದ ತಿಂಗಳಷ್ಟೇ. ಹುಡುಗ ಬಂಗಾರ, ಮಾವ ಅವನಿಗಿಂತ ಬಂಗಾರ. ಈ ಸಂತೋಷವನ್ನು ನಿಮಗೇಕೆ ಹೇಳುತ್ತಿದ್ದೇನೆಂದರೆ, ನನ್ನ ಅತ್ತೆಯನ್ನು ನೀವು ಅಳಿಸಿ ಹಾಕಿದ್ದೀರಿ.

ಗಾಬರಿಯಾಗಬೇಡಿ. ಅತ್ತೆ ತೀರಿಕೊಂಡದ್ದು ನನ್ನ ಮದುವೆಗೂ ಮೊದಲೇ, ಕಾಯಿಲೆಯಿಂದ. ಆದರೆ ನಿಮ್ಮ ಪುಸ್ತಕದ ಚಿತ್ರಗಳಿಗೆ ಮೊಬೈಲ್ ಹಿಡಿದರೆ ಅದರ ಪರದೆಯಲ್ಲಿ, ಪುಟದ ಮೇಲೆ ಎದ್ದು ನಿಂತು ಪಾಠ ಹೇಳುತ್ತಿದ್ದ ಗೇಣುದ್ದದ ಟೀಚರ್ ಅವರೇ. ಮದುವೆಯ ಮರುದಿನ ಮಾವ ಊಟದ ಮೇಜಿನ ಮೇಲೆ ಪುಸ್ತಕ ತೆರೆದು, ಮೊಬೈಲ್ ಹಿಡಿದು, "ಬಾಮ್ಮ, ನಿಮ್ಮತ್ತೆನ ಪರಿಚಯ ಮಾಡಿಸ್ತೀನಿ. ನೆಟ್ಟಗೆ ನಿಂತ್ಕೋ, ಮೇಡಂ ಸ್ವಲ್ಪ ಸ್ಟ್ರಿಕ್ಟು" ಅಂದರು. ನೀರಿನ ಲೋಟದ ಪಕ್ಕ ಅತ್ತೆ ಎದ್ದು ನಿಂತರು. ಕನ್ನಡಕ ಸರಿಮಾಡಿಕೊಂಡರು. ನನ್ನ ಗಂಡನೂ ಹಾಗೇ ಸರಿಮಾಡಿಕೊಳ್ಳುತ್ತಾನೆ ಸ್ವಾಮಿ, ಅದೇ ಬೆರಳಿನಿಂದ!

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಅವರು ಕಲಿಸಿದ ಮೊದಲ ಮಾತು "ಇತ್ತೆಕಿಮಾಸ್". ಮನೆಯಿಂದ ಹೊರಡುವಾಗ ಜಪಾನಿನವರು ಹೇಳುವ ಮಾತು. "ಬರೀ 'ಹೋಗ್ತೀನಿ' ಅಂತ ಬರ್ಕೋಬೇಡಿ, ನಮ್ಮಲ್ಲಿ ಹಾಗಂದ್ರೆ ಅಮ್ಮಂದಿರು ಬೈತಾರೆ. 'ಹೋಗಿ ಬರ್ತೀನಿ'. ಅವರದ್ದೂ ಅದೇ" ಎಂದು ನಗುತ್ತಿದ್ದರು. ಆಮೇಲೆ ಮನೆಯಲ್ಲಿರುವವರ ಉತ್ತರ: "ಇತ್ತೆರಶ್ಶಾಯ್. ಹೋಗಿ ಬಾ." ಮಾವ ದಿನಾ ತಮ್ಮ ವಾಚ್ ರಿಪೇರಿ ಅಂಗಡಿಗೆ ಹೊರಡುವಾಗ ಆ ಪುಟ ತೆರೆದು, ಅಷ್ಟು ಕೇಳಿಸಿಕೊಂಡೇ ಚಪ್ಪಲಿ ಮೆಟ್ಟುತ್ತಿದ್ದರು.

ಈಗ ನಿಮ್ಮ 'ಸುಧಾರಿತ ಆವೃತ್ತಿ' ತಾನಾಗಿಯೇ ಮೊಬೈಲಿಗೆ ಇಳಿದಿದೆ. ಅದೇ ಪುಟದ ಮೇಲೆ ಗುಲಾಬಿ ಬಣ್ಣದ ಬೆಕ್ಕೊಂದು ಕುಣಿದು, "ಇತ್ತೆಕಿಮಾಸ್ ಎಂದರೆ ನಾನು ಹೋಗುತ್ತಿದ್ದೇನೆ" ಎನ್ನುತ್ತದೆ. ಭಲೇ! ಅನುವಾದ ಯಂತ್ರದ್ದಂತೆ. ಯಂತ್ರವನ್ನು ಯಾರೂ ಬಾಗಿಲ ತನಕ ಬಂದು ಕಳಿಸಿಕೊಟ್ಟಿರಲಾರರು, ಸರಿ. ಆದರೆ ಅದಕ್ಕೆ ಒಪ್ಪಿಗೆ ಕೊಟ್ಟ ನಿಮ್ಮನ್ನೂ ಯಾರೂ ಕಳಿಸಿಕೊಟ್ಟಿಲ್ಲವೇ?

ಮಾವ ಪುಸ್ತಕವನ್ನು ಕಿಟಕಿಯ ಹತ್ತಿರ ಒಯ್ದರು. ವಾಚ್ ಒರೆಸುವ ಬಟ್ಟೆಯಿಂದ ಮೊಬೈಲಿನ ಗಾಜು ಒರೆಸಿದರು. ಮತ್ತೆ ಬೆಕ್ಕು. ನನ್ನ ಗಂಡ "ಅಪ್ಪಾ, ಅದೂ..." ಎಂದು ಬಾಯಿ ತೆರೆದ.

"ಬೆಳಕು ಸಾಲ್ತಿಲ್ಲ ಕಣೋ, ನಾಳೆ ನೋಡೋಣ" ಎಂದು ಮಾವ ಹೊರಟೇಬಿಟ್ಟರು. ಹೊರಗೆ ಸುಡುವ ಬಿಸಿಲಿತ್ತು.

ನಿಮ್ಮ ಕಚೇರಿಗೆ ಫೋನ್ ಮಾಡಿದರೆ, "ಹಳೇದ್ಯಾಕೆ ಮೇಡಂ, ಬೆಕ್ಕಂದ್ರೆ ಎಲ್ರಿಗೂ ಇಷ್ಟ!" ಎಂದರು. ನನಗೂ ಇಷ್ಟವೇ. ಬೆಕ್ಕು ಕುಣಿಯಲಿ, ಆ ಅರ್ಥ ತಿದ್ದಿ. ನಮ್ಮ ಅತ್ತೆಯ ಪಾಠಗಳು ನಿಮ್ಮ ಯಾವುದೋ ಕಂಪ್ಯೂಟರಿನಲ್ಲಿ ಇನ್ನೂ ಇದ್ದರೆ, ಅವನ್ನು ಅಳಿಸಬೇಡಿ, ನಮಗೆ ಕೊಡಿ. ಇಲ್ಲವಾದರೆ, ಇಲ್ಲ ಎಂದು ನೀವೇ ಮಾವನಿಗೆ ಹೇಳಿ. ನನ್ನ ಕೈಲಾಗದು.

ಇಂತಿ,
ಅತ್ತೆಗಾಗಿ ನಿಜವಾಗಿಯೂ ಅತ್ತ ಸೊಸೆ

ಮಾವನನ್ನು ನಿಮ್ಮ ಕಚೇರಿಗೇ ಕರೆದುಕೊಂಡು ಬರುತ್ತಿದ್ದೇನೆ: ಸೋಮವಾರ, ಬೆಳಗಿನ ಪ್ಯಾಸೆಂಜರ್ ರೈಲಿಗೆ.