ಆರನೇ ಪಂಜರದ ನಾಲ್ಕು ಲಾವಕ್ಕಿ

ಮಾರ್ಚ್ 6, ಬೆಳಿಗ್ಗೆ

ಬರೆಯಬೇಕಂತೆ! ಮೂವತ್ತು ವರ್ಷ ಹಕ್ಕಿಗೆ ಕಾಳು ಹಾಕಿದ ಕೈ ಇದು. "ಬಾಯಿಮಾತು ನಡೆಯಲ್ಲ ತಾತ, ಕಂಡಿದ್ದನ್ನ ದಿನಾ ಬರೆದಿಡಿ" ಅಂದರು ನಮ್ಮ ಕಾಡುಹಕ್ಕಿ ಕೇಂದ್ರದ ಸಾಹೇಬರು. ಆಫೀಸಿನ ಪುಸ್ತಕಕ್ಕೆ ಎರಡು ಸಾಲು ಸಾಕು. ಉಳಿದದ್ದು ಇಲ್ಲಿ. ಯಾರಿಗೂ ತೋರಿಸುವುದಿಲ್ಲ.

ಆರನೇ ಪಂಜರ. ಲೆಕ್ಕಕ್ಕೆ ಒಂಬತ್ತು ಕಾಡು ಲಾವಕ್ಕಿ, ನಮ್ಮ ಕಾವು ಕೊಡುವ ಮೆಷಿನ್‌ನಲ್ಲೇ ಮರಿಯಾದವು. ಇಪ್ಪತ್ತನೇ ತಾರೀಖಿಗೆ ಹುಲ್ಲುಗಾವಲಿಗೆ ಬಿಡುವುದು. ಅದರಲ್ಲಿ ನಾಲ್ಕು ಕಾಡಿನವಲ್ಲ. ಮೊಟ್ಟೆಗೆಂದು ಸಾಕುವ ಫಾರಂನವು. ಬಿಟ್ಟರೆ ಎರಡೇ ದಿನಕ್ಕೆ ನರಿಯ ಪಾಲು. ಬದುಕಿದರೆ ಇನ್ನೂ ಕೆಟ್ಟದ್ದು — ಜಾತಿ ಬೆರಕೆ.

ಮಾರ್ಚ್ 7

ಚಪ್ಪಾಳೆ ತಟ್ಟಿದೆ. ಐದು ಬುರ್ರನೆ ಎದ್ದು ಬಲೆಗೆ ಬಡಿದವು. ನಾಲ್ಕು ಕೂತಲ್ಲೇ ಕೂತು ನನ್ನ ಕೈ ನೋಡಿದವು, ಕಾಳೆಲ್ಲಿ ಅಂತ. ಬಣ್ಣ ಒಂದೇ, ಬೆನ್ನಿನ ಗೀರು ಒಂದೇ. ಫಾರಂನದು ಕೊಂಚ ದುಂಡಗೆ, ಅಷ್ಟೇ. ಬಾಯಿ ಬಿಟ್ಟಾಗ ಬಣ್ಣ ಬಯಲು. ಕಾಡಿನದು 'ವಿಟ್-ವಿವಿಟ್', ನೀರಹನಿ ಬಿದ್ದ ಹಾಗೆ. ಇವು 'ಕರ್ರ್-ಕರ್ರ್', ತುಕ್ಕು ಹಿಡಿದ ಬಾಗಿಲು.

ಹಕ್ಕಿಗಳನ್ನು ನೋಡಿಕೊಳ್ಳುವ ಡಾಕ್ಟರಮ್ಮನ ಮೇಲೇ ಅನುಮಾನ. ಕಾಲಿಗೆ ಗುರುತಿನ ಉಂಗುರ ಹಾಕುತ್ತೇನೆಂದು ಹೋದ ವಾರ ಹಕ್ಕಿಗಳನ್ನು ಒಯ್ದವಳು ಅವಳೇ. ಕೇಳಿದೆ.

"ನಿಮ್ಮ ಕೈಯಲ್ಲಿ ತಿಂದೂ ತಿಂದೂ ಸಲಿಗೆ ಬಂದಿದೆ ತಾತ ಅವಕ್ಕೆ."

"ಸಲಿಗೆ ಬಂದ್ರೆ ಗಂಟಲೂ ಬದಲಾಗುತ್ತೇನಮ್ಮ?"

ನಕ್ಕಳು. ಕಳ್ಳರು ನಗುವುದೇ ಹಾಗೆ.

ಮಾರ್ಚ್ 9

ಸಾಹೇಬರ ಎದುರೇ ಡಾಕ್ಟರಮ್ಮನಿಗೆ ಅಂದುಬಿಟ್ಟೆ, ಹಕ್ಕಿ ಬದಲಾಯಿಸಿದ್ದು ನೀನೇ ಅಂತ. ಮುಖ ಬಿಳಿಚಿಕೊಂಡಿತು. ಊಟ ಅರ್ಧಕ್ಕೆ ಬಿಟ್ಟು ಎದ್ದು ಹೋದಳು. ಹೋಗಲಿ. ಕುಂಬಳಕಾಯಿ ಕಳ್ಳ ಅಂದರೆ...

ಮಾರ್ಚ್ 16

ಮಗಳ ಫೋನ್. "ಅಪ್ಪಾ, ಎಂಥಾ ಹಕ್ಕಿ ಕೊಟ್ಟಿದ್ದೀಯ? ಬಾಗಿಲು ತೆಗೆದ್ರೆ ಸಾಕು, ಮೇಲಕ್ಕೆ ಹಾರಿ ತಲೆ ಚಚ್ಕೊಳುತ್ವೆ. ಮೊಟ್ಟೆನೂ ಇಲ್ಲ, ಮಣ್ಣೂ ಇಲ್ಲ. ನಾಲ್ಕೂ ನಿನ್ನ ಹಾಗೇ, ಮುಟ್ಟಿದ್ರೆ ಸಿಡುಕು."

ಕಾಡಿನ ನಾಲ್ಕೂ ಅವಳ ಮನೆಯಲ್ಲಿವೆ, ಆಗ ತಿಳಿಯಿತು.

ಅವಳಿಗೆಂದು ನಾಲ್ಕು ಫಾರಂ ಮೊಟ್ಟೆ ತಂದು, ಯಾರಿಗೂ ಹೇಳದೆ ಅದೇ ಮೆಷಿನ್‌ಗೆ ಇಟ್ಟಿದ್ದೆ. ಟ್ರೇ ನಡುವೆ ಅಡ್ಡಪಟ್ಟಿ. ಎಡಕ್ಕೆ ನನ್ನವು, ಬಲಕ್ಕೆ ಕಾಡಿನವು ನಾಲ್ಕು. ಉಳಿದ ಐದು ಬೇರೆ ಟ್ರೇ. ಕೆಳಗೆ ನೀರು ತುಂಬಲು ಟ್ರೇ ತೆಗೆದವನು ತಿರುಗಿಸಿ ಇಟ್ಟಿದ್ದೇನೆ, ಎಡ ಬಲವಾಗಿದೆ. ಮರಿಯಾದ ದಿನ ಎಡಗಡೆಯವನ್ನೇ ಬುಟ್ಟಿಗೆ ಹಾಕಿಕೊಂಡು ಮಗಳಿಗೆ ಕೊಟ್ಟೆ.

ಮಾರ್ಚ್ 17

ನಾಲ್ಕನ್ನೂ ವಾಪಸ್ ತಂದೆ. ಡಾಕ್ಟರಮ್ಮನ ಬಾಗಿಲಲ್ಲಿ ನಿಂತೆ.

"ತಪ್ಪು ನಂದಮ್ಮ."

ಹಕ್ಕಿ ನೋಡಿದಳು. ನನ್ನನ್ನು ನೋಡಲಿಲ್ಲ. "ಮನೇಲಿದ್ದ ಹಕ್ಕಿ. ರೋಗ ಅಂಟಿರಬಹುದು. ಐದನ್ನೇ ಬಿಡೋದು."

ಮಾರ್ಚ್ 18

ಸಾಹೇಬರಿಗೆ ಚೀಟಿ. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ತಪ್ಪು ನನ್ನದು, ಡಾಕ್ಟರಮ್ಮನದಲ್ಲ. ಕೆಲಸದಿಂದ ತೆಗೆಯಿರಿ, ಬೇಡ ಅನ್ನುವುದಿಲ್ಲ. ಹಕ್ಕಿಗಳದ್ದೇನು ತಪ್ಪು? ರಕ್ತ ಪರೀಕ್ಷೆ ಮಾಡಿಸಿ. ರೋಗ ಇಲ್ಲದಿದ್ದರೆ ಆ ನಾಲ್ಕನ್ನೂ ಬಿಡುತ್ತೀರೋ ಇಲ್ಲವೋ — ಇಪ್ಪತ್ತಕ್ಕೆ ಐದನ್ನು ಬಿಡುವ ಮುಂಚೆ, ಹತ್ತೊಂಬತ್ತನೇ ತಾರೀಖು, ಸಂಜೆ ಐದರೊಳಗೆ ಉತ್ತರ ಬೇಕು.