ಎಂಟನೇ ಸಾಲಿನ ಮಣ್ಣು

ಅಪ್ಪ,

ನಮ್ಮ ದ್ರಾಕ್ಷಿ ತೋಟದ ಎಂಟನೇ ಸಾಲಿನ ಮಣ್ಣಿನಲ್ಲಿ ಯಾವ ದೋಷವೂ ಇಲ್ಲ. ಇವತ್ತು ಹೀಗೆಂದು ಹೇಳಿದವರು ಮಣ್ಣು ಪರೀಕ್ಷೆಯ ಮೇಡಂ. ಎದೆಮಟ್ಟದ ಗುಂಡಿ ತೆಗೆಸಿ, ತಾವೇ ಇಳಿದು ನೋಡಿದರು. ಏಳನೇ ಸಾಲಿನಲ್ಲಿರುವ ಅದೇ ಕಲ್ಲು, ಅದೇ ಸುಣ್ಣದ ಪದರ. ನೀರೂ ಅಷ್ಟೇ ಬೇಗ ಬಸಿದುಹೋಗುತ್ತದೆ.

“ಇದಕ್ಕೆ ಕೆಟ್ಟ ಹೆಸರು ಕೊಟ್ಟೋರು ಯಾರ್ರೀ? ಪಾಪ, ಪಕ್ಕದ ಸಾಲಿನ ಅವಳಿ ಇದು,” ಎಂದು ನಕ್ಕರು. ಅವರು ಮೇಲೆ ಹತ್ತಲು ನಾನು ಕೈ ಕೊಟ್ಟೆ.

ಕೊಯ್ಲಿಗೆ ಮೂರು ವಾರ ಇರುವಾಗ ನೀವು ನೀರು ನಿಲ್ಲಿಸುತ್ತಿದ್ದಿರಿ. “ಸ್ವಲ್ಪ ಬಾಯಾರ್ಲಿ ಬಿಡು ಪುಟ್ಟಿ, ಆಗ್ಲೇ ರಸ ಗಟ್ಟಿಯಾಗೋದು,” ಅನ್ನುತ್ತಿದ್ದಿರಿ. ನನ್ನ ಕಿಟಕಿಗೆ ಕಾಣುತ್ತಿದ್ದದ್ದು ಎಂಟನೇ ಸಾಲು. ಎಲೆ ಮುದುಡುವುದನ್ನು ನೋಡಲಾಗದೆ, ಮಧ್ಯಾಹ್ನ ನೀವು ಮಲಗಿದಾಗ ಆ ಸಾಲಿಗೆ ಪೈಪ್ ಬಿಡುತ್ತಿದ್ದೆ. ಮೂರು ವರ್ಷ ಹಾಗೆ ಮಾಡಿದೆ. ಹಣ್ಣು ದಪ್ಪಗಾಯಿತು, ವೈನ್ ನೀರು ನೀರಾಯಿತು.

ಮೂರನೇ ವರ್ಷ ನೀವು ಆ ಸಾಲಿನ ವೈನನ್ನು ಬಾಯಿಗಿಟ್ಟು ಉಗುಳಿದಿರಿ. “ಬಳ್ಳಿದೇನೂ ತಪ್ಪಿಲ್ಲ, ಮಣ್ಣೇ ಸರಿಯಿಲ್ಲ,” ಎಂದಿರಿ. ತಾತ ನೆಟ್ಟ ನಲವತ್ತು ಬಳ್ಳಿಗಳನ್ನು ನೀವು ಕಿತ್ತುಹಾಕುವಾಗ ನಾನೂ ಜೊತೆಗೆ ನಿಂತು ಬೇರು ಎಳೆದೆ. ಆಮೇಲೆ ನೀವು ತೀರಿಕೊಳ್ಳುವವರೆಗೆ, ಹನ್ನೊಂದು ವರ್ಷ, ಒಂದೇ ಮೇಜಿನಲ್ಲಿ ಊಟ ಮಾಡಿದೆವು.

ಹಿಂದಿನ ಬೆಳೆ ಯಾಕೆ ಕೆಟ್ಟಿತು ಎಂದು ಬರೆಯಲು ವರದಿಯಲ್ಲಿ ಒಂದು ಸಾಲು ಜಾಗವಿದೆ. ನೀರು ಹೆಚ್ಚಾಗಿತ್ತು ಎಂದು ಬರೆಸಿದೆ. ಬಿಟ್ಟವರು ಯಾರು ಎಂದು ಮೇಡಂ ಕೇಳಲಿಲ್ಲ.

ಹೊಸ ಸಸಿಗಳು ಗುರುವಾರ ಬೆಳಿಗ್ಗೆ ಬರುತ್ತವೆ.